ಹಾಳೆಯೊಳಗೆ ಸೇರುವ ಗಾಳಿಯ ನೀರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು

ಮಾನ್ಯ ಸಂಪಾದಕರೇ,

ಹೆಜ್ಜೆಯ ಒತ್ತಡದಿಂದ ವಿದ್ಯುತ್ತು ಹುಟ್ಟಿಸುವ ಪ್ಲಾಸ್ಟಿಕ್ ಹಾಳೆಯನ್ನು ಕುರಿತು ತಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಪಿವಿಡಿಎಫ್ ಎಂಬ ಫ್ಲೋರಿನ್‌ಯುಕ್ತ ಪಾಲಿಮರ್ (ಉದ್ದ ಸರಪಳಿಯಂಥ ಅಣುಗಳಿಂದಾದ ವಸ್ತು) ಬಗ್ಗೆ ಕನ್ನಡದಲ್ಲಿ ಇಷ್ಟು ತಿಳಿಯಾಗಿ ಬರೆದದ್ದನ್ನು ನಾನು ಕಂಡದ್ದು ಕಡಿಮೆ. ಅದಕ್ಕಾಗಿ ಲೇಖಕರಿಗೂ ತಮಗೂ ಮನಃಪೂರ್ವಕ ವಂದನೆಗಳು. ಆದರೆ ಹಾಳೆ ತಯಾರಿಸುವ ವಿಧಾನವನ್ನು ವಿವರಿಸುವಾಗ ಲೇಖನವು ಪಿವಿಡಿಎಫ್ ಪುಡಿಯನ್ನು ಡಿಎಂಎಫ್ ಎಂಬ ದ್ರಾವಕದಲ್ಲಿ ಕರಗಿಸಿ, ಗಾಜಿನ ಫಲಕದ ಮೇಲೆ ಹರಡಿ, ಕೋಣೆಯ ಉಷ್ಣತೆಯಲ್ಲಿ ಒಣಗಿಸಿದರೆ ಸಾಕು ಎಂದು ಹೇಳಿ ಮುಂದೆ ಸಾಗಿದೆ. ಕೋಣೆಯ ಗಾಳಿಯಲ್ಲಿ ಎಷ್ಟು ತೇವಾಂಶವಿರಬೇಕು ಎಂಬ ಮಾತು ಎಲ್ಲಿಯೂ ಇಲ್ಲ. ಕರಾವಳಿಯ ಒಂದು ಕಾಲೇಜಿನಲ್ಲಿ ಹಲವು ವರ್ಷಗಳಿಂದ ಇದೇ ಹಾಳೆಗಳನ್ನು ವಿದ್ಯಾರ್ಥಿಗಳೊಂದಿಗೆ ಎರೆಯುತ್ತಾ ಬಂದಿರುವ ನಾನು, ಈ ಒಂದು ಮಾತು ಬಿಟ್ಟುಹೋದರೆ ಉಳಿದ ವಿಧಾನವೆಲ್ಲ ಅರ್ಧಕ್ಕೆ ನಿಂತಂತೆ ಎಂಬುದನ್ನು ತಮ್ಮ ಓದುಗರ ಗಮನಕ್ಕೆ ತರಬಯಸುತ್ತೇನೆ.

ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳಿನಲ್ಲಿ ನಡೆದ ಸಂಗತಿಯಿಂದ ಆರಂಭಿಸುತ್ತೇನೆ. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಫೆಬ್ರವರಿಯಲ್ಲಿ ತಾನೇ ತಯಾರಿಸಿದ್ದ, ಕೆಳಗಿಟ್ಟ ಪುಸ್ತಕದ ಅಕ್ಷರ ಓದಬಹುದಾದಷ್ಟು ತಿಳಿಯಾಗಿದ್ದ ಹಾಳೆಯನ್ನು ಮತ್ತೊಮ್ಮೆ ತಯಾರಿಸಲು ಹೊರಟಳು. ಪುಡಿ ಅದೇ ಡಬ್ಬಿಯದು, ದ್ರಾವಣದ ಪ್ರಮಾಣ ಅದೇ ನೂರಕ್ಕೆ ಹದಿನೈದು, ಹರಡುವ ಅಲಗೂ ಅದೇ. ಗಾಜಿನ ಮೇಲೆ ದ್ರಾವಣ ನೀರಿನಂತೆ ತಿಳಿಯಾಗಿಯೇ ಹರಡಿಕೊಂಡಿತು. ಹತ್ತು ಹನ್ನೆರಡು ನಿಮಿಷಗಳಲ್ಲಿ ಫಲಕದ ಅಂಚಿನಲ್ಲಿ ಒಂದು ಮಬ್ಬು ಗೆರೆ ಕಾಣಿಸಿಕೊಂಡು, ಕನ್ನಡಿಯ ಮೇಲೆ ಉಸಿರು ಬಿಟ್ಟಾಗ ಹರಡುವ ಮಂಜಿನಂತೆ ನಡುವಿನ ಕಡೆಗೆ ಸರಿಯತೊಡಗಿತು. ಮರುದಿನ ಬೆಳಿಗ್ಗೆ ನೋಡಿದರೆ ಹಾಳೆ ಸುಣ್ಣ ಬಳಿದ ಗೋಡೆಯಷ್ಟು ಬಿಳಿಯಾಗಿತ್ತು; ಉಗುರಿನಿಂದ ಗೀರಿದರೆ ಪುಡಿ ಉದುರುತ್ತಿತ್ತು. ಗಾಜನ್ನು ಸರಿಯಾಗಿ ತೊಳೆದಿಲ್ಲವೆಂದು ನಾನು ಅವಳನ್ನು ಗದರಿದೆ. ಅವಳು ಮತ್ತೆ ತೊಳೆದಳು, ಮತ್ತೆ ಎರೆದಳು, ಮತ್ತೆ ಬಿಳಿಯಾಯಿತು. ಮೂರು ವಾರ ಹೀಗೆ ಕಳೆದ ಮೇಲೆಯೇ, ಹೊರಗೆ ಎಡೆಬಿಡದೆ ಸುರಿಯುತ್ತಿದ್ದ ಮಳೆಗೂ ಒಳಗಿನ ಬಿಳಿ ಹಾಳೆಗೂ ಸಂಬಂಧವಿರಬಹುದೆಂದು ನಮಗೆ ಹೊಳೆದದ್ದು. ಅವಳನ್ನು ಗದರಿದ್ದು ತಪ್ಪೆಂಬುದನ್ನು ಅವಳೆದುರೇ ಒಪ್ಪಿಕೊಂಡೆ. ಈ ಪತ್ರ ಬರೆಯುವುದಕ್ಕೆ ಅದೂ ಒಂದು ಕಾರಣ.

ನೀರಿಗೂ ಫ್ಲೋರಿನ್‌ಯುಕ್ತ ಪಾಲಿಮರ್‌ಗೂ ಏನು ಸಂಬಂಧ ಎಂದು ಓದುಗರು ಕೇಳುವುದು ಸಹಜ. ಟೆಫ್ಲಾನ್ ಬಳಿದ ಕಾವಲಿಯ ಮೇಲೆ ನೀರಿನ ಹನಿ ಅಂಟದೆ ಉರುಳಾಡುವುದನ್ನು ಎಲ್ಲರೂ ಕಂಡಿದ್ದೇವೆ. 1938ರಲ್ಲಿ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಕೊಂಡ ಆ ಟೆಫ್ಲಾನ್‌ನಲ್ಲಿ ಇಂಗಾಲದ ಸರಪಳಿಯ ಉದ್ದಕ್ಕೂ ಫ್ಲೋರಿನ್ ಪರಮಾಣುಗಳೇ ಕವಿದುಕೊಂಡಿರುವುದರಿಂದ ಅದು ನೀರಿಗೂ ಒಗ್ಗುವುದಿಲ್ಲ, ಸಾಮಾನ್ಯವಾದ ಯಾವ ದ್ರಾವಕದಲ್ಲಿಯೂ ಕರಗುವುದಿಲ್ಲ. ಪಿವಿಡಿಎಫ್‌ನ ಸ್ವಭಾವ ಬೇರೆ. ಅದರ ಸರಪಳಿಯಲ್ಲಿ ಒಂದು ಇಂಗಾಲಕ್ಕೆ ಎರಡು ಹೈಡ್ರೋಜನ್, ಮುಂದಿನದಕ್ಕೆ ಎರಡು ಫ್ಲೋರಿನ್ ಎಂಬಂತೆ ಜೋಡಣೆ ಸಾಗುತ್ತದೆ. ಹೀಗಾಗಿ ಸರಪಳಿಯ ಒಂದು ಮಗ್ಗುಲು ತುಸು ಧನ, ಇನ್ನೊಂದು ಮಗ್ಗುಲು ತುಸು ಋಣ ಆಗಿ ನಿಲ್ಲಲು ಸಾಧ್ಯವಾಗುತ್ತದೆ. ಈ ಗುಣದಿಂದಲೇ ಅದು ಡಿಎಂಎಫ್, ಎನ್‌ಎಂಪಿ, ಡಿಎಂಎಸ್‌ಒ ಮುಂತಾದ ಧ್ರುವೀಯ ದ್ರಾವಕಗಳಲ್ಲಿ ಕರಗುತ್ತದೆ. 1969ರಲ್ಲಿ ಜಪಾನಿನ ಹೇಜಿ ಕವಾಯ್ ತೋರಿಸಿಕೊಟ್ಟಂತೆ, ಹಾಳೆಯನ್ನು ಎಳೆದು ವಿದ್ಯುತ್ ಕ್ಷೇತ್ರಕ್ಕೆ ಒಡ್ಡಿದಾಗ ಒತ್ತಡಕ್ಕೆ ವಿದ್ಯುತ್ತಿನ ಮೂಲಕ ಉತ್ತರ ಕೊಡುವ ಶಕ್ತಿ ಬರುವುದೂ ಈ ಗುಣದಿಂದಲೇ.

ಇಲ್ಲಿಯೇ ತೊಡಕು ಹುಟ್ಟುವುದು. ಪಾಲಿಮರ್‌ಗೆ ನೀರು ಆಗುವುದಿಲ್ಲ. ಆದರೆ ಆ ಪಾಲಿಮರನ್ನು ಕರಗಿಸಿಕೊಂಡಿರುವ ದ್ರಾವಕಕ್ಕೆ ನೀರೆಂದರೆ ಬಹಳ ಪ್ರೀತಿ. ಡಿಎಂಎಫ್ ನೀರಿನೊಂದಿಗೆ ಎಷ್ಟು ಪ್ರಮಾಣದಲ್ಲಿ ಬೇಕಾದರೂ ಬೆರೆಯುತ್ತದೆ, ಗಾಳಿಯಲ್ಲಿರುವ ಆವಿಯನ್ನೂ ಹೀರಿಕೊಳ್ಳುತ್ತದೆ. ಅದರ ಕುದಿಬಿಂದು 153 ಡಿಗ್ರಿ ಸೆಲ್ಸಿಯಸ್ ಆದ್ದರಿಂದ ಕೋಣೆಯ ಉಷ್ಣತೆಯಲ್ಲಿ ಅದು ಆರುವುದು ನಿಧಾನ. ಮಳೆಗಾಲದ ಒಂದು ದಿನ, 28 ಡಿಗ್ರಿ ಉಷ್ಣತೆಯಲ್ಲಿ ಸಾಪೇಕ್ಷ ಆರ್ದ್ರತೆ (ಆ ಉಷ್ಣತೆಯಲ್ಲಿ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ನಿಜವಾಗಿ ಇರುವ ಪಾಲು) ಶೇ 85 ಇದ್ದರೆ, ಗಾಳಿಯಲ್ಲಿನ ನೀರಾವಿಯ ಒತ್ತಡ ಸುಮಾರು 3.2 ಕಿಲೋಪ್ಯಾಸ್ಕಲ್ ಇರುತ್ತದೆ. ಅದೇ ಉಷ್ಣತೆಯಲ್ಲಿ ಡಿಎಂಎಫ್‌ನ ಆವಿಯ ಒತ್ತಡ ಇದರ ಸುಮಾರು ಐದರಲ್ಲಿ ಒಂದು ಭಾಗದಷ್ಟು ಮಾತ್ರ. ಅಂದರೆ ಹಾಳೆಯಿಂದ ದ್ರಾವಕ ಹೊರಗೆ ಹೋಗುವ ಆತುರಕ್ಕಿಂತ ಗಾಳಿಯಿಂದ ನೀರು ಒಳಗೆ ಬರುವ ಆತುರವೇ ಹೆಚ್ಚು. ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಯೊಂದರ ಗಾಳಿಯಲ್ಲಿ ಅಂಥ ದಿನ ಒಂದು ಲೀಟರಿಗೂ ಹೆಚ್ಚು ನೀರು ಕಣ್ಣಿಗೆ ಕಾಣದೆ ತೇಲುತ್ತಿರುತ್ತದೆ. ಫಲಕದ ಮೇಲಿನ ದ್ರಾವಣವಾದರೋ ಹತ್ತು ಮಿಲಿಲೀಟರ್. ಹೀಗಿರುವಾಗ ನಾವು ನೀರನ್ನೇ ಸೇರಿಸಿಲ್ಲ ಎಂದು ವರದಿಯಲ್ಲಿ ಬರೆಯುವುದು ಸತ್ಯವಾಗುವುದಾದರೂ ಹೇಗೆ?

ಒಳಗೆ ಬಂದ ನೀರು ಮಾಡುವ ಕೆಲಸವನ್ನು ಅಡುಗೆಮನೆಯ ಒಂದು ಹೋಲಿಕೆಯಿಂದ ವಿವರಿಸಬಹುದು. ಕಾದ ಹಾಲಿಗೆ ನಿಂಬೆರಸ ಹಿಂಡಿದಾಗ ಹಾಲು ಒಡೆದು ಗಟ್ಟಿ ಬೇರೆ, ನೀರು ಬೇರೆ ಆಗುತ್ತದಲ್ಲವೇ, ಇಲ್ಲಿಯೂ ದ್ರಾವಣ ಒಡೆಯುತ್ತದೆ. ಪ್ರಯೋಗಾಲಯದಲ್ಲಿ ನಮ್ಮ ಹುಡುಗರು ಬಳಸುವ ಮಾತೂ ಅದೇ. ಹಾಲು ಒಡೆಯುವ ರಸಾಯನ ಬೇರೆ, ಇದು ಬೇರೆ ಎಂಬುದನ್ನು ಮಾತ್ರ ನೆನಪಿಡಬೇಕು: ಇಲ್ಲಿ ಆಮ್ಲದ ಕೆಲಸವಿಲ್ಲ, ದ್ರಾವಕದೊಳಗೆ ನೀರು ಸೇರುತ್ತಾ ಹೋದಂತೆ ಅದು ಪಾಲಿಮರ್ ಸರಪಳಿಗಳನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ, ಅಷ್ಟೇ. ನೀರಿನ ಪಾಲು ಕೆಲವೇ ಶೇಕಡಾವಾರು ತಲುಪುವಷ್ಟರಲ್ಲಿ ದ್ರಾವಣವು ಪಾಲಿಮರ್ ಹೆಚ್ಚಿರುವ ಭಾಗ ಮತ್ತು ಪಾಲಿಮರ್ ಬಹುತೇಕ ಇಲ್ಲದ ಭಾಗ ಎಂದು ಎರಡಾಗುತ್ತದೆ. ಮೊದಲನೆಯದು ಗಟ್ಟಿಯಾಗಿ ಹಾಳೆಯ ಎಲುಬಾಗುತ್ತದೆ. ಎರಡನೆಯದು ಆರಿಹೋಗಿ ತನ್ನ ಜಾಗದಲ್ಲಿ ರಂಧ್ರಗಳನ್ನು ಉಳಿಸುತ್ತದೆ. ಪಿವಿಡಿಎಫ್ ಸ್ಫಟಿಕವಾಗಬಲ್ಲ ಪಾಲಿಮರ್ ಆದ್ದರಿಂದ ಈ ಒಡೆಯುವಿಕೆಗೆ ಸ್ಫಟಿಕೀಕರಣವೂ ಪೈಪೋಟಿ ಕೊಡುತ್ತದೆ. ನೀರು ಒಮ್ಮೆಲೇ ನುಗ್ಗಿದರೆ ದ್ರವವು ದ್ರವದಿಂದ ಬೇರ್ಪಡುವುದೇ ಮೊದಲಾಗುತ್ತದೆ. ಆವಿಯ ರೂಪದಲ್ಲಿ ನಿಧಾನವಾಗಿ ಸೇರಿದರೆ ಸರಪಳಿಗಳಿಗೆ ಸ್ಫಟಿಕವಾಗಿ ಕೂಡಿಕೊಳ್ಳಲು ಬಿಡುವು ಸಿಕ್ಕಿ, ಒಂದಕ್ಕೊಂದು ತಾಗಿಕೊಂಡ ಸಬ್ಬಕ್ಕಿಯ ಕಾಳುಗಳಂಥ ಗುಂಡುಗುಂಡಾದ ರಚನೆ ಮೂಡುತ್ತದೆ. ನಮ್ಮ ಜುಲೈ ತಿಂಗಳ ಹಾಳೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿಸಿದಾಗ ಕಂಡದ್ದು ಇದೇ ನೋಟ.

ಹಾಳೆ ಬಿಳಿಯಾಗುವುದು ಬಣ್ಣದಿಂದಲ್ಲ, ರಂಧ್ರಗಳಿಂದ. ಇದನ್ನು ಯಾವ ಉಪಕರಣವೂ ಇಲ್ಲದೆ ತೋರಿಸುವ ಒಂದು ಪರೀಕ್ಷೆ ನನಗೆ ಬಹಳ ಪ್ರಿಯವಾದದ್ದು. ಬಿಳಿ ಹಾಳೆಯ ಮೇಲೆ ಒಂದು ಹನಿ ನೀರು ಬಿಟ್ಟರೆ ಅದು ಕೆಸುವಿನ ಎಲೆಯ ಮೇಲಿನ ಹನಿಯಂತೆ ಗುಂಡಗೆ ನಿಲ್ಲುತ್ತದೆ, ಹಾಳೆ ಬಿಳಿಯಾಗಿಯೇ ಇರುತ್ತದೆ. ಪಕ್ಕದಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲಿನ ಒಂದು ಹನಿ ಬಿಟ್ಟರೆ ಅದು ಥಟ್ಟನೆ ಒಳಗಿಳಿದು, ಆ ಜಾಗವು ಎಣ್ಣೆ ಬಿದ್ದ ಕಾಗದದಂತೆ ಅರೆಪಾರದರ್ಶಕವಾಗುತ್ತದೆ. ಆಲ್ಕೊಹಾಲು ಆರಿದೊಡನೆ ಬಿಳುಪು ಮತ್ತೆ ಮರಳುತ್ತದೆ. ಪಿವಿಡಿಎಫ್‌ನ ವಕ್ರೀಭವನಾಂಕ, ಅಂದರೆ ಬೆಳಕನ್ನು ಬಾಗಿಸುವ ಅಳತೆ, ಸುಮಾರು 1.42, ಗಾಳಿಯದು 1. ಬೆಳಕಿನ ತರಂಗಾಂತರದ ಆಸುಪಾಸಿನ ಗಾತ್ರದ ರಂಧ್ರಗಳಲ್ಲಿ ಗಾಳಿ ತುಂಬಿರುವಾಗ ಬೆಳಕು ಎಲ್ಲ ದಿಕ್ಕಿಗೂ ಚೆದುರಿ ಹಾಳೆ ಬಿಳಿಯಾಗಿ ಕಾಣುತ್ತದೆ. ಆಲ್ಕೊಹಾಲಿನ ವಕ್ರೀಭವನಾಂಕ ಸುಮಾರು 1.38 ಆದ್ದರಿಂದ ಅದು ರಂಧ್ರ ತುಂಬಿದಾಗ ಚೆದುರುವಿಕೆ ತಗ್ಗುತ್ತದೆ. ಜೀವವಿಜ್ಞಾನದ ಪ್ರಯೋಗಾಲಯಗಳಲ್ಲಿ ಪ್ರೋಟೀನುಗಳನ್ನು ಗುರುತಿಸಲು ಪಿವಿಡಿಎಫ್ ಪೊರೆಯನ್ನು ಬಳಸುವವರು ಅದನ್ನು ಮೊದಲು ಮೆಥನಾಲಿನಲ್ಲಿ ಅದ್ದುವುದು ಇದೇ ಕಾರಣಕ್ಕೆ: ಮೆಥನಾಲು ದಾರಿ ಮಾಡಿಕೊಡದೆ ನೀರಿನ ದ್ರಾವಣ ಆ ರಂಧ್ರಗಳೊಳಗೆ ಇಳಿಯುವುದಿಲ್ಲ. ನೀರಿನಿಂದಲೇ ಹುಟ್ಟಿದ ರಂಧ್ರಗಳು, ಹುಟ್ಟಿದ ಮೇಲೆ ನೀರನ್ನೇ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಕಾರಣ ಊಹಿಸಿದ ಮೇಲೆ ಅದನ್ನು ಖಚಿತಪಡಿಸಿಕೊಳ್ಳುವುದು ಬಾಕಿಯಿತ್ತು. ಆ ವಿದ್ಯಾರ್ಥಿನಿಯ ಊರು ವಿಜಯಪುರದ ಬಳಿ. ಮರುವರ್ಷ ಏಪ್ರಿಲ್ ತಿಂಗಳಲ್ಲಿ ಊರಿಗೆ ಹೋದಾಗ ಅಲ್ಲಿನ ಪರಿಚಿತ ಅಧ್ಯಾಪಕರೊಬ್ಬರ ಪ್ರಯೋಗಾಲಯದಲ್ಲಿ ಅವಳು ಅದೇ ದ್ರಾವಣವನ್ನು ಎರೆದು, ತಿಳಿಯಾದ ಹಾಳೆಯೊಂದನ್ನು ಕಾಗದದಲ್ಲಿ ಸುತ್ತಿ ತಂದಳು. ನಮಗೆ ಸಂತೋಷವಾಯಿತು, ಆದರೆ ಅದನ್ನು ಪುರಾವೆಯೆಂದು ಒಪ್ಪಲು ಬರುವಂತಿರಲಿಲ್ಲ. ಏಕೆಂದರೆ ವಿಜಯಪುರದ ಏಪ್ರಿಲ್‌ನಲ್ಲಿ ಗಾಳಿ ಒಣಗಿರುವುದಷ್ಟೇ ಅಲ್ಲ, ಕೋಣೆಯೂ ನಮ್ಮ ಕೋಣೆಗಿಂತ ಹತ್ತು ಡಿಗ್ರಿ ಬಿಸಿಯಾಗಿರುತ್ತದೆ. ಉಷ್ಣತೆಯನ್ನು ಹಾಗೆಯೇ ಇಟ್ಟು ತೇವಾಂಶವನ್ನು ಮಾತ್ರ ಬದಲಿಸಬೇಕಾಗಿತ್ತು. ದುಬಾರಿ ಯಂತ್ರ ನಮ್ಮಲ್ಲಿ ಇರಲಿಲ್ಲ. ಆಗ ನೆರವಿಗೆ ಬಂದದ್ದು ಉಪ್ಪು.

ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರಾಗುವುದನ್ನು ಕರಾವಳಿಯ ಪ್ರತಿ ಮನೆಯವರೂ ಬಲ್ಲರು. ಅದರ ಹಿಂದಿರುವ ನಿಯಮ ಬಹಳ ಖಚಿತವಾದದ್ದು. ಕರಗದೆ ಉಳಿದ ಉಪ್ಪು ತಳದಲ್ಲಿ ಇರುವಷ್ಟು ಗಟ್ಟಿಯಾದ ಉಪ್ಪುನೀರನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಇಟ್ಟರೆ, 25 ಡಿಗ್ರಿಯಲ್ಲಿ ಒಳಗಿನ ಗಾಳಿಯ ಆರ್ದ್ರತೆ ಶೇ 75ಕ್ಕೆ ಬಂದು ನಿಲ್ಲುತ್ತದೆ. ಅಡುಗೆ ಉಪ್ಪಿನ ಬದಲು ಮೆಗ್ನೀಸಿಯಂ ಕ್ಲೋರೈಡ್ ಬಳಸಿದರೆ ಶೇ 33, ಲಿಥಿಯಂ ಕ್ಲೋರೈಡ್ ಬಳಸಿದರೆ ಶೇ 11. ಮುಚ್ಚಳ ಬಿಗಿಯಾಗಿ ಕೂರುವ ಮೂರು ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ತಂದು, ಒಂದೊಂದರಲ್ಲಿ ಒಂದೊಂದು ಲವಣದ ತಟ್ಟೆ ಇಟ್ಟು, ಒಂದೇ ಬಾಟಲಿಯ ದ್ರಾವಣವನ್ನು ಒಂದೇ ಬೆಳಿಗ್ಗೆ ಮೂರು ಫಲಕಗಳ ಮೇಲೆ ಎರೆದೆವು. ಪೆಟ್ಟಿಗೆ ಚಿಕ್ಕದಾದರೆ ಡಿಎಂಎಫ್‌ನ ಆವಿ ಒಳಗೇ ತುಂಬಿ ಹಾಳೆ ಒಣಗುವುದೇ ಇಲ್ಲ. ಆದ್ದರಿಂದ ದೊಡ್ಡ ಪೆಟ್ಟಿಗೆ ಮತ್ತು ಚಿಕ್ಕ ಹಾಳೆ ಮುಖ್ಯ ಎಂಬುದನ್ನು, ಇದನ್ನು ಮಾಡಿನೋಡುವ ಅಧ್ಯಾಪಕರಿಗಾಗಿ ಸೇರಿಸುತ್ತೇನೆ. ಎರಡು ದಿನಗಳ ನಂತರ ತೆರೆದಾಗ ಅಡುಗೆ ಉಪ್ಪಿನ ಪೆಟ್ಟಿಗೆಯ ಹಾಳೆ ಹಾಲಿನಂತೆ ಬಿಳಿ, ಮೆಗ್ನೀಸಿಯಂ ಲವಣದ್ದು ತೆಳುವಾದ ಮಬ್ಬು, ಲಿಥಿಯಂ ಲವಣದ್ದು ಫೆಬ್ರವರಿಯ ಹಾಳೆಯನ್ನೇ ನೆನಪಿಸುವಷ್ಟು ತಿಳಿ. ಪುಡಿ, ದ್ರಾವಕ, ಉಷ್ಣತೆ, ಗಾಜು, ಕೈ ಎಲ್ಲವೂ ಒಂದೇ. ಬೇರೆಯಾದದ್ದು ಗಾಳಿಯ ನೀರು ಮಾತ್ರ.

ಬಿಸಿ ಮಾಡಿ ಒಣಗಿಸಿದರೆ ಈ ತೊಂದರೆ ತಪ್ಪುವುದಿಲ್ಲವೇ ಎಂದು ಕೇಳಬಹುದು. ತಪ್ಪುತ್ತದೆ. 28 ಡಿಗ್ರಿಯಲ್ಲಿ ಶೇ 85 ಆರ್ದ್ರತೆಯುಳ್ಳ ಗಾಳಿಯನ್ನೇ 60 ಡಿಗ್ರಿಗೆ ಬಿಸಿ ಮಾಡಿದರೆ ಅದರ ಸಾಪೇಕ್ಷ ಆರ್ದ್ರತೆ ಸುಮಾರು ಶೇ 16ಕ್ಕೂ, 80 ಡಿಗ್ರಿಗೆ ಬಿಸಿ ಮಾಡಿದರೆ ಶೇ 7ರ ಹತ್ತಿರಕ್ಕೂ ಇಳಿಯುತ್ತದೆ. ಡಿಎಂಎಫ್ ಕೂಡ ಬೇಗನೆ ಆರುತ್ತದೆ. ಬಿಸಿ ಹೆಚ್ಚಿದಷ್ಟೂ ಹಾಳೆ ಗಟ್ಟಿಯಾಗಿ, ತಿಳಿಯಾಗಿ ಬರುತ್ತದೆ. ಆದರೆ ಇದರಿಂದ ಇನ್ನೊಂದು ಇಕ್ಕಟ್ಟು ಎದುರಾಗುತ್ತದೆ, ಮತ್ತು ತಮ್ಮ ಲೇಖನದ ವಿಷಯವಾದ ವಿದ್ಯುತ್ ಹುಟ್ಟಿಸುವ ಗುಣವು ನೇರವಾಗಿ ಈ ಇಕ್ಕಟ್ಟಿನೊಳಗೇ ಇದೆ. ಪಿವಿಡಿಎಫ್ ಸರಪಳಿಗಳು ಸ್ಫಟಿಕವಾಗುವಾಗ ಹಲವು ಬಗೆಯಲ್ಲಿ ಕೂಡಿಕೊಳ್ಳಬಲ್ಲವು. ಆಲ್ಫಾ ಎಂಬ ಬಗೆಯಲ್ಲಿ ಅಕ್ಕಪಕ್ಕದ ಸರಪಳಿಗಳ ಧ್ರುವಗಳು ಎದುರುಬದುರಾಗಿ ನಿಂತು ಒಂದನ್ನೊಂದು ರದ್ದುಮಾಡುತ್ತವೆ. ಬೀಟಾ ಎಂಬ ಬಗೆಯಲ್ಲಿ ಸರಪಳಿ ನೇರವಾಗಿ ಚಾಚಿಕೊಂಡು ಧ್ರುವಗಳೆಲ್ಲ ಒಂದೇ ಕಡೆಗೆ ಮುಖ ಮಾಡುತ್ತವೆ. ಒತ್ತಡವನ್ನು ವಿದ್ಯುತ್ತಿನ ಮೂಲಕ ತಿಳಿಸುವ ಸಂವೇದಕಕ್ಕೆ ಬೇಕಾದದ್ದು ಇದು. ದ್ರಾವಕವನ್ನು 70 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿ ಆರಿಸಿದರೆ ಬೀಟಾ ಹೆಚ್ಚಾಗಿಯೂ, 110 ಡಿಗ್ರಿ ದಾಟಿದರೆ ಆಲ್ಫಾ ಹೆಚ್ಚಾಗಿಯೂ ಮೂಡುವುದು ಈ ಕ್ಷೇತ್ರದಲ್ಲಿ ಬಹುಕಾಲದಿಂದ ತಿಳಿದಿರುವ ಸಂಗತಿ. ಹೀಗಾಗಿ ತಂಪಿನಲ್ಲಿ ಒಣಗಿಸಿದರೆ ಸ್ಫಟಿಕ ಸರಿಯಾಗಿ ಬಂದರೂ ಗಾಳಿಯ ನೀರು ಹಾಳೆಯನ್ನು ಜಾಲರಿಯಾಗಿಸುತ್ತದೆ. ಬಿಸಿ ಹೆಚ್ಚಿಸುತ್ತಾ ಹೋದರೆ ಹಾಳೆ ಚೆನ್ನಾಗಿ ಬಂದರೂ ಸ್ಫಟಿಕ ಬೇಡವಾದದ್ದಾಗತೊಡಗುತ್ತದೆ. ರಂಧ್ರವಿರುವ ಹಾಳೆಯ ಮೇಲೆ ಲೋಹದ ವಿದ್ಯುದಗ್ರ ಲೇಪಿಸಿದಾಗ ಲೋಹವು ರಂಧ್ರಗಳ ಮೂಲಕ ಇಳಿದು ಎರಡು ಬದಿಗಳನ್ನೂ ಜೋಡಿಸಿಬಿಡಬಹುದು. ಧ್ರುವಗಳನ್ನು ಒಂದೇ ದಿಕ್ಕಿಗೆ ತಿರುಗಿಸಲು ಮೈಕ್ರಾನಿಗೆ 50 ವೋಲ್ಟ್ ಅಥವಾ ಅದಕ್ಕೂ ಹೆಚ್ಚು ಕೊಡಬೇಕಾಗುವುದರಿಂದ 20 ಮೈಕ್ರಾನ್ ದಪ್ಪದ ಹಾಳೆಗೆ 1000 ವೋಲ್ಟ್ ಅಥವಾ ಅದಕ್ಕೂ ಹೆಚ್ಚು ಬೇಕಾಗುತ್ತದೆ. ರಂಧ್ರಭರಿತ ಹಾಳೆ ಅಷ್ಟನ್ನು ತಡೆಯಲಾರದೆ ಕಿಡಿ ಹಾರಿ ಸುಟ್ಟುಹೋಗುತ್ತದೆ. ನಮ್ಮಲ್ಲಿ ಒಂದು ಮಳೆಗಾಲದಲ್ಲಿ ಹೀಗೆ ಸುಟ್ಟ ಹಾಳೆಗಳನ್ನು ಎಣಿಸುವುದನ್ನೇ ಬಿಟ್ಟಿದ್ದೆವು. ಈ ಇಕ್ಕಟ್ಟಿನಿಂದ ಹೊರಬರುವ ದಾರಿಗಳಲ್ಲಿ ಒಂದು ತಂಪಾದ, ಆದರೆ ಒಣಗಿದ ಗಾಳಿ. ಅಂದರೆ ಆರ್ದ್ರತೆಯನ್ನು ಅಳೆದು ಹಿಡಿತದಲ್ಲಿಡುವುದು.

ಇಲ್ಲಿ ನನಗೆ ನಿಜವಾಗಿಯೂ ಕಳವಳ ಉಂಟುಮಾಡುವ ವಿಷಯಕ್ಕೆ ಬರುತ್ತೇನೆ. ಪಿವಿಡಿಎಫ್‌ಗೆ ಸತು ಆಕ್ಸೈಡ್, ಗ್ರಾಫೀನ್, ಜೇಡಿಮಣ್ಣಿನ ನ್ಯಾನೊ ಕಣಗಳು ಮುಂತಾದುವನ್ನು ಬೆರೆಸಿ ಬೀಟಾ ಪ್ರಮಾಣ ಹೆಚ್ಚಿತೆಂದು ತೋರಿಸುವ ವಿದ್ಯಾರ್ಥಿ ಯೋಜನೆಗಳು ಈಗ ಬಹಳ. ನಾನು ಪರೀಕ್ಷಕನಾಗಿ ಓದಿದ ವರದಿಗಳಲ್ಲಿ ಹಲವು ಹೀಗಿದ್ದವು: ಏನೂ ಬೆರೆಸದ ಹಾಳೆಯನ್ನು ಶೈಕ್ಷಣಿಕ ವರ್ಷದ ಒಂದು ಕಾಲದಲ್ಲಿ, ಬೆರೆಸಿದ ಹಾಳೆಯನ್ನು ಇನ್ನೊಂದು ಕಾಲದಲ್ಲಿ ಎರೆಯಲಾಗಿತ್ತು. ಆರ್ದ್ರತೆಯ ಅಂಕಿ ಎರಡರಲ್ಲಿಯೂ ಇಲ್ಲ. ಕಂಡ ವ್ಯತ್ಯಾಸ ಕಣಗಳಿಂದ ಬಂದದ್ದೋ ಮುಂಗಾರಿನಿಂದ ಬಂದದ್ದೋ ಎಂದು ಕೇಳಿದರೆ ಉತ್ತರವಿರುವುದಿಲ್ಲ. ಇದಕ್ಕೆ ಜೊತೆಯಾಗಿ, ಅವಕೆಂಪು ರೋಹಿತದಲ್ಲಿ (ಹಾಳೆ ಯಾವ ಯಾವ ಅವಕೆಂಪು ಕಿರಣಗಳನ್ನು ಹೀರುತ್ತದೆಂದು ತೋರಿಸುವ ನಕ್ಷೆಯಲ್ಲಿ) ಪ್ರತಿ ಸೆಂಟಿಮೀಟರಿಗೆ 840 ಅಲೆಗಳ ಬಳಿ ಕಾಣುವ ಪಟ್ಟಿಯನ್ನು ಕಂಡೊಡನೆ ಬೀಟಾ ಎಂದು ಬರೆದುಬಿಡುವ ರೂಢಿಯೂ ಇದೆ. ಗಾಮಾ ಎಂಬ ಇನ್ನೊಂದು ಬಗೆಯ ಸ್ಫಟಿಕವೂ ಅದೇ ಜಾಗದಲ್ಲಿ ಪಟ್ಟಿ ತೋರಿಸುವುದರಿಂದ, 1275ರ ಬಳಿ ಮತ್ತು 1234ರ ಬಳಿ ಯಾವ ಪಟ್ಟಿ ಇದೆಯೆಂದು ನೋಡದೆ ತೀರ್ಮಾನಕ್ಕೆ ಬರುವಂತಿಲ್ಲ. ವಿದ್ಯಾರ್ಥಿಗಳನ್ನು ದೂರಿ ಪ್ರಯೋಜನವಿಲ್ಲ. ಅವರು ಓದುವ ವಿಧಾನದ ಪುಟಗಳಲ್ಲೇ ಈ ಸಾಲು ಇರುವುದಿಲ್ಲ, ಮಾರ್ಗದರ್ಶಕರಾದ ನಾವೂ ಕೇಳುವುದಿಲ್ಲ. ಏನೂ ಬೆರೆಸದ ಹಾಳೆಯನ್ನು ಬೆರೆಸಿದ ಹಾಳೆಯ ಪಕ್ಕದಲ್ಲಿಯೇ, ಅದೇ ದಿನ, ಅದೇ ಗಾಳಿಯಲ್ಲಿ ಎರೆಯಬೇಕು ಎಂಬ ಒಂದು ಕಟ್ಟುನಿಟ್ಟು ಪಾಲಿಸಿದರೂ ಎಷ್ಟೋ ತಪ್ಪು ತೀರ್ಮಾನಗಳು ತಪ್ಪುತ್ತವೆ.

ನೀರು ಕೇವಲ ಕೆಡಿಸುತ್ತದೆಂದು ಯಾರೂ ತಿಳಿಯಬಾರದು. ಸಂವೇದಕ ಮಾಡುವವರಿಗೆ ಬೇಡವಾದ ಅದೇ ರಂಧ್ರ, ನೀರು ಸೋಸುವ ಪೊರೆ ಮಾಡುವವರಿಗೆ ಪ್ರಾಣ. 1960ರ ಸುಮಾರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಆವರಣದಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಅವರು ಸಮುದ್ರದ ನೀರನ್ನು ಸಿಹಿಯಾಗಿಸುವ ಪೊರೆಯನ್ನು ರೂಪಿಸಿದಾಗ ಮಾಡಿದ್ದೂ ಇದೇ ತತ್ವದ ಕೆಲಸ: ಸೆಲ್ಯುಲೋಸ್ ಅಸಿಟೇಟಿನ ದ್ರಾವಣವನ್ನು ಹರಡಿ ತಣ್ಣೀರಿನಲ್ಲಿ ಮುಳುಗಿಸಿದರು. ಇಂದು ಪಿವಿಡಿಎಫ್ ಪೊರೆಗಳನ್ನೂ ಬಹುಮಟ್ಟಿಗೆ ಹೀಗೆಯೇ ತಯಾರಿಸುತ್ತಾರೆ. ನೀರಿನಲ್ಲಿ ನೇರವಾಗಿ ಮುಳುಗಿಸಿದರೆ ಮೇಲೆ ಒತ್ತಾದ ತೆಳು ಸಿಪ್ಪೆ, ಕೆಳಗೆ ಬೆರಳಿನಾಕಾರದ ದೊಡ್ಡ ಪೊಳ್ಳುಗಳು ಬರುತ್ತವೆ. ಮುಳುಗಿಸುವ ಮೊದಲು ತೇವವಾದ ಗಾಳಿಗೆ ಒಡ್ಡಿದರೆ ಸಿಪ್ಪೆ ತೆಳುವಾಗಿ ಅಥವಾ ಇಲ್ಲವಾಗಿ, ಒಳಗೆಲ್ಲ ಒಂದೇ ಸಮನಾದ ರಂಧ್ರಗಳು ಮೂಡುತ್ತವೆ. ಬೆಂಗಳೂರಿನಂಥ ನಗರಗಳ ವಸತಿ ಸಮುಚ್ಚಯಗಳಲ್ಲಿ ಕೊಳಚೆ ನೀರನ್ನು ಶುದ್ಧೀಕರಿಸಿ ಗಿಡಗಳಿಗೂ ಶೌಚಾಲಯಕ್ಕೂ ಮರುಬಳಸುವ ಘಟಕಗಳ ಪೈಕಿ ಪೊರೆ ಬಳಸುವಂಥವುಗಳಲ್ಲಿ ಪಿವಿಡಿಎಫ್ ಪೊರೆ ಸಾಮಾನ್ಯ. ಆ ಪೊರೆಯ ಒಂದೊಂದು ರಂಧ್ರವೂ ತಯಾರಿಕೆಯ ಹೊತ್ತಿನಲ್ಲಿ ನೀರು ಯಾವ ವೇಗದಲ್ಲಿ ಒಳಹೊಕ್ಕಿತು ಎಂಬುದರ ಗುರುತು. ಕಾರ್ಖಾನೆಯವರು ತೇವಾಂಶವನ್ನು ಅಂಕಿಗಳಲ್ಲಿ ಹಿಡಿದಿಡುವುದು ಅದಕ್ಕಾಗಿಯೇ.

ವಿದ್ಯುತ್ ವಾಹನಗಳ ಬ್ಯಾಟರಿಯಲ್ಲಿಯೂ ಇದೇ ಪಾಲಿಮರ್ ಅಂಟಿನ ಕೆಲಸ ಮಾಡುತ್ತದೆ. ಅಲ್ಲಿ ಎನ್‌ಎಂಪಿಯಲ್ಲಿ ಕರಗಿಸಿ, ನಿಕ್ಕಲ್ ಹೆಚ್ಚಿರುವ ವಿದ್ಯುದಗ್ರದ ಪುಡಿಯೊಂದಿಗೆ ಕಲಸುವಾಗ ತೇವ ಸೇರಿದರೆ, ಪುಡಿಯ ಮೇಲಿನ ಲಿಥಿಯಂ ಕ್ಷಾರ ಎಚ್ಚೆತ್ತು ಪಾಲಿಮರ್‌ನಿಂದ ಫ್ಲೋರಿನ್ನನ್ನು ಕಿತ್ತುಹಾಕುತ್ತದೆ; ಕಲಸಿದ್ದು ಹೊತ್ತು ಮೀರಿದ ರಾಗಿ ಗಂಜಿಯಂತೆ ಗಟ್ಟಿಯಾಗಿ ಲೇಪಿಸಲು ಬಾರದಾಗುತ್ತದೆ. ಇದು ರಂಧ್ರದ ಕಥೆಯಲ್ಲ, ಬೇರೆಯೇ ರಸಾಯನ. ಆದರೂ ಇಲ್ಲಿಯೂ ಬರೆದಿಡಬೇಕಾದ ಅಂಕಿ ನೀರಿನದೇ.

ದ್ರಾವಕದ ಬಾಟಲಿಯ ಬಗ್ಗೆಯೂ ಒಂದು ಮಾತು. ಗಾಳಿಯನ್ನು ಒಣಗಿಸಿಕೊಂಡು, ಮೂರು ತಿಂಗಳಿನಿಂದ ಮುಚ್ಚಳ ಸಡಿಲವಾಗಿದ್ದ ಡಿಎಂಎಫ್ ಬಳಸಿದರೆ ನೀರು ಒಳಗಿನಿಂದಲೇ ಬರುತ್ತದೆ. ಹಳೆಯ ಬಾಟಲಿ ತೆರೆದಾಗ ಮೀನಿನ ವಾಸನೆ ಮೂಗಿಗೆ ಬಡಿಯುವುದುಂಟು. ಅದು ಡಿಎಂಎಫ್ ಒಡೆದು ಹುಟ್ಟಿದ ಡೈಮೀಥೈಲ್ ಅಮೀನ್; ಅದು ಪಿವಿಡಿಎಫ್ ಸರಪಳಿಯನ್ನೂ ಕೆಡಿಸಿ ಹಾಳೆಯನ್ನು ಹಳದಿಯಾಗಿಸಬಲ್ಲದು. ಅಂಥ ಬಾಟಲಿಯನ್ನು ಬದಿಗಿಡಬೇಕು, ಹೊಸದಕ್ಕೆ ತೇವ ಹೀರುವ ಮಾಲಿಕ್ಯುಲರ್ ಸೀವ್ ಹರಳುಗಳನ್ನು ಹಾಕಿಡಬೇಕು.

ಸುರಕ್ಷತೆಯ ದೃಷ್ಟಿಯಿಂದ ತಮ್ಮ ಲೇಖನದ ಒಂದು ಸಾಲನ್ನು ನಾನು ಬಲವಾಗಿ ಆಕ್ಷೇಪಿಸಬೇಕಾಗಿದೆ. ಪ್ರೌಢಶಾಲೆಯ ಮಕ್ಕಳೂ ಇದನ್ನು ಮಾಡಿನೋಡಬಹುದು ಎಂಬ ಸೂಚನೆ ಅದರಲ್ಲಿದೆ. ಡಿಎಂಎಫ್ ಯಕೃತ್ತಿಗೆ ಹಾನಿಕರ, ಗರ್ಭದಲ್ಲಿರುವ ಶಿಶುವಿಗೂ ಅಪಾಯಕರ. ಅದು ಉಸಿರಿನ ಮೂಲಕ ಮಾತ್ರವಲ್ಲ, ಚರ್ಮದ ಮೂಲಕವೂ ದೇಹ ಸೇರುತ್ತದೆ, ಸಾಮಾನ್ಯವಾಗಿ ಸಿಗುವ ತೆಳು ಕೈಗವಸುಗಳನ್ನು ಬೇಗನೆ ದಾಟುತ್ತದೆ. ಆವಿ ಸೆಳೆಯುವ ಕಪಾಟಿನ ಕೆಳಗಲ್ಲದೆ ಇದನ್ನು ಎರೆಯಬಾರದು. ಅಲ್ಲಿಯೂ ಕರಾವಳಿಯವರಾದ ನಮಗೆ ಒಂದು ತೊಡಕಿದೆ: ಕಪಾಟಿನ ಫ್ಯಾನು ಒಳಗಿನ ಗಾಳಿಯನ್ನು ಹೊರಗೆ ತಳ್ಳಿದಷ್ಟೂ ಹೊರಗಿನ ಮಳೆಗಾಲದ ಗಾಳಿ ಬಾಗಿಲ ಸಂದಿಯಿಂದ ಒಳಗೆ ಬಂದು ಹಾಳೆಯ ಮೇಲೆಯೇ ಹಾದುಹೋಗುತ್ತದೆ. ನಾವು ಕಂಡುಕೊಂಡ ಉಪಾಯವೆಂದರೆ ಕಪಾಟಿನೊಳಗೇ ಒಂದು ಪಾರದರ್ಶಕ ಪೆಟ್ಟಿಗೆ ಇಟ್ಟು, ತೇವ ಹೀರುವ ಸಿಲಿಕಾ ಹರಳುಗಳ ಮೂಲಕ ಹಾಯಿಸಿದ ಗಾಳಿಯನ್ನು ಅದಕ್ಕೆ ನಿಧಾನವಾಗಿ ಬಿಡುವುದು. ಆರೋಗ್ಯವನ್ನು ಬಲಿಕೊಟ್ಟು ತಿಳಿಯಾದ ಹಾಳೆ ಪಡೆಯುವ ಅಗತ್ಯ ಯಾರಿಗೂ ಇಲ್ಲ.

ಆದ್ದರಿಂದ ನನ್ನ ವಿನಂತಿ ಎರಡು. ತಮ್ಮ ಮುಂದಿನ ವಿಜ್ಞಾನ ಪುಟದಲ್ಲಿ, ಆ ವಿಧಾನದಲ್ಲಿ ಕೋಣೆಯ ಉಷ್ಣತೆಯ ಜೊತೆಗೆ ಆರ್ದ್ರತೆಯನ್ನೂ ಅಳೆದು ನಿಯಂತ್ರಿಸಬೇಕು ಎಂಬ ಸಾಲನ್ನೂ, ಡಿಎಂಎಫ್ ಶಾಲಾ ಮಕ್ಕಳ ಕೈಗೆ ಕೊಡತಕ್ಕದ್ದಲ್ಲ ಎಂಬ ಎಚ್ಚರಿಕೆಯನ್ನೂ ದಯವಿಟ್ಟು ಪ್ರಕಟಿಸಬೇಕು. ಎರಡನೆಯದು ನನ್ನ ಸಹೋದ್ಯೋಗಿಗಳಿಗೆ: ಪಾಲಿಮರ್ ಹಾಳೆ ಎರೆಯುವ ಪ್ರತಿ ವಿಭಾಗದಲ್ಲಿಯೂ, ಕೆಲವು ನೂರು ರೂಪಾಯಿಗೆ ಸಿಗುವ ಒಂದು ಆರ್ದ್ರತಾಮಾಪಕವನ್ನು ಎರೆಯುವ ಮೇಜಿನ ಮೇಲೆಯೇ ಇಟ್ಟು, ದಾಖಲೆ ಪುಸ್ತಕದಲ್ಲಿ ದಿನಾಂಕದ ಪಕ್ಕದ ಅಂಕಣದಲ್ಲಿ ಅದರ ಅಂಕಿಯನ್ನು ಎರೆಯುವಾಗ ಒಮ್ಮೆ, ಹಾಳೆ ಒಣಗಿದ ಮೇಲೆ ಒಮ್ಮೆ ಬರೆಸಬೇಕು. ಅಂಕಿ ಇಲ್ಲದ ವರದಿಯನ್ನು ಮೌಲ್ಯಮಾಪನಕ್ಕೆ ಸ್ವೀಕರಿಸುವುದಿಲ್ಲವೆಂದು ನಮ್ಮ ವಿಭಾಗದಲ್ಲಿ ಈಗ ನಿಯಮ ಮಾಡಿದ್ದೇವೆ. ಮೂರು ಉಪ್ಪಿನ ಪೆಟ್ಟಿಗೆಗಳಲ್ಲಿ ಒಣಗಿಸಿದ ಹಾಳೆಗಳ ಚಿತ್ರಗಳು ನಮ್ಮಲ್ಲಿವೆ. ತಾವು ಬಯಸಿದರೆ ಪ್ರಕಟಣೆಗೆ ಕಳುಹಿಸಿಕೊಡಲು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ರಸಾಯನಶಾಸ್ತ್ರದ ಒಬ್ಬ ಅಧ್ಯಾಪಕ,
ದಕ್ಷಿಣ ಕನ್ನಡ ಜಿಲ್ಲೆ